ಕೋಬುರ್ಗಿನ ಕಪ್ಪು ಸಂತ

ಊರ ಲಾಂಛನದಲ್ಲಿ ಸಿಂಹವೋ ಕೋಟೆಯೋ ಇದ್ದರೆ ಯಾರೂ ಬೆರಗಾಗರು. ಜರ್ಮನಿಯ ಬವೇರಿಯಾ ಪ್ರಾಂತದ ಕೋಬುರ್ಗ್ ಪಟ್ಟಣದ ಲಾಂಛನದಲ್ಲಾದರೋ, ಹೊಂಬಣ್ಣದ ಗುರಾಣಿಯ ಮೇಲೆ, ಕುಂಡಲ ಧರಿಸಿದ ಕಪ್ಪು ಮನುಷ್ಯನೊಬ್ಬನ ಶಿರಸ್ಸಿದೆ. ಈತನು ಪಟ್ಟಣದ ರಕ್ಷಕನಾದ ಸಂತ ಮೊರಿಟ್ಸ್.

ಐತಿಹ್ಯದ ಪ್ರಕಾರ ಇವನು ಈಜಿಪ್ಟಿನ ಥೀಬ್ಸ್ ಸೀಮೆಯ ಕ್ರೈಸ್ತ ಸೈನಿಕರ ದಳಪತಿ. ಸಹಧರ್ಮೀಯರನ್ನು ಹಿಂಸಿಸಬೇಕೆಂಬ ರೋಮನ್ ಚಕ್ರವರ್ತಿಯ ಆಜ್ಞೆಯನ್ನು ಧಿಕ್ಕರಿಸಿ, ಆಲ್ಪ್ಸ್ ಪರ್ವತಗಳ ನಡುವೆ ತನ್ನವರೊಡನೆ ಪ್ರಾಣವನ್ನೊಪ್ಪಿಸಿದನು. ಮಧ್ಯಯುಗದ ಜರ್ಮನರು ಅವನನ್ನು ಆಫ್ರಿಕದ ವೀರನೆಂದೇ ಆದರಿಸಿದರು. ಮ್ಯಾಗ್ಡೆಬುರ್ಗ್ ಕೆಥೀಡ್ರಲ್ಲಿನಲ್ಲಿರುವ 13ನೆಯ ಶತಮಾನದ ಶಿಲಾಮೂರ್ತಿಯೇ ಅದಕ್ಕೆ ಸಾಕ್ಷಿ.

1929ರಲ್ಲಿ ಈ ಪಟ್ಟಣದ ನಗರಸಭೆ, ಜರ್ಮನಿಯಲ್ಲಿಯೇ ಮೊದಲಾಗಿ, ನಾಜಿಗಳ ಬಹುಮತಕ್ಕೆ ಒಳಗಾಯಿತು. ಕಪ್ಪು ಮನುಷ್ಯನು ತಮ್ಮೂರಿನ ಗುರುತಾಗಿರುವುದು ಅವರಿಗೆ ಹೇಗೆ ಸಹ್ಯವಾದೀತು? 1934ರಲ್ಲಿ ಸಂತನನ್ನು ತೆಗೆದು, ಹಿಡಿಯ ತುದಿಯಲ್ಲಿ ಸ್ವಸ್ತಿಕವಿದ್ದ ಖಡ್ಗವನ್ನು ಇರಿಸಿದರು. 1945ರಲ್ಲಿ ಖಡ್ಗ ಹೋಯಿತು, ಸಂತನು ಮರಳಿದನು.

2020ರಲ್ಲಿ ಮತ್ತೊಂದು ದಿಕ್ಕಿನಿಂದ ಆಕ್ಷೇಪವೆದ್ದಿತು: ದಪ್ಪ ತುಟಿಯ ಈ ಚಿತ್ರ ಕಪ್ಪು ಜನರನ್ನು ಹೀಗಳೆಯುವುದಲ್ಲವೆ? ಈ ನೋವನ್ನು ನಾನು ಅಲ್ಲಗಳೆಯಲಾರೆ. ಆದರೂ ದ್ವೇಷಿಗಳು ಒಮ್ಮೆ ಅಳಿಸಿದ ಮುಖವನ್ನು ಪುನಃ ಅಳಿಸುವುದಕ್ಕಿಂತ, ಅದನ್ನು ಸಂತನ ಘನತೆಗೆ ತಕ್ಕಂತೆ ತಿದ್ದಿ ಬರೆಯುವುದೇ ಲೇಸೆಂದು ನನಗೆ ತೋರುತ್ತದೆ.