ಅರವತ್ತರ ಮರೆವಿಗೆ ನಡಿಗೆಯ ನೆರವು

‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ಹಿರಿಯರ ಮರೆವನ್ನು ನಕ್ಕು ತಳ್ಳಿಹಾಕುವುದುಂಟು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ಆದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ನಿನ್ನೆ ಬಂದುಹೋದ ನೆಂಟರನ್ನು ಮರೆಯುವುದು ಹೆಚ್ಚುತ್ತಿದ್ದು, ತಮ್ಮ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುವಂತಿದ್ದರೆ ಆ ಸ್ಥಿತಿಯನ್ನು ವೈದ್ಯರಾದ ನಾವು ‘ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್’ ಎನ್ನುತ್ತೇವೆ. ಇದು ಡಿಮೆನ್ಶಿಯಾ ಅಲ್ಲ. ಕೆಲವರಲ್ಲಿ ಅದರ ಮುನ್ಸೂಚನೆ. ಇನ್ನು ಕೆಲವರಲ್ಲಿ ಹಾಗೆಯೇ ನಿಲ್ಲುತ್ತದೆ, ಸುಧಾರಿಸುವುದೂ ಉಂಟು.

ಮೊದಲು ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಬಿ-12 ಕೊರತೆ, ಖಿನ್ನತೆ, ನಿದ್ದೆಯ ಮಾತ್ರೆ, ಕಿವುಡು ಇವೂ ಮರೆವಿನಂತೆ ಕಾಣಿಸಿಕೊಳ್ಳಬಹುದು.

ಆಮೇಲಿನದು ನಡಿಗೆ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಮರೆವಿನ ದೂರಿದ್ದ 170 ಮಂದಿಯ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ವಾರಕ್ಕೆ 150 ನಿಮಿಷ, ಹೆಚ್ಚಾಗಿ ನಡಿಗೆಯನ್ನೇ, ಆರು ತಿಂಗಳು ಮಾಡಿದವರ ನೆನಪು-ಯೋಚನೆಯ ಪರೀಕ್ಷೆಯ ಅಂಕ ಸ್ವಲ್ಪ ಸುಧಾರಿಸಿತ್ತು. 2011ರ ಅಮೆರಿಕದ ಅಧ್ಯಯನದಲ್ಲಿ ಡಿಮೆನ್ಶಿಯಾ ಇಲ್ಲದ 120 ಹಿರಿಯರಲ್ಲಿ ಅರ್ಧದಷ್ಟು ಜನ ವಾರಕ್ಕೆ ಮೂರು ದಿನ ನಲವತ್ತು ನಿಮಿಷ ನಡೆದರು. ವರ್ಷದ ಕೊನೆಗೆ, ನೆನಪಿಗೆ ಮುಖ್ಯವಾದ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗ ಅವರಲ್ಲಿ ಶೇಕಡಾ 2ರಷ್ಟು ಹಿಗ್ಗಿತ್ತು; ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ಹಾಗೆಂದು ನಡಿಗೆ ಸಂಜೀವಿನಿಯೇನಲ್ಲ. ಆದರೆ ಖರ್ಚಿಲ್ಲದ, ಬಿಪಿ, ಸಕ್ಕರೆ, ನಿದ್ದೆ ಮೂರಕ್ಕೂ ಒಳ್ಳೆಯದಾದ ಉಪಾಯ.

ಊರಿನಿಂದ ಇಲ್ಲಿಗೆ ಬರುವ ತಂದೆತಾಯಿಯರ ವಿಷಯದಲ್ಲಿ ನನಗೆ ಚಿಂತೆ. ಊರಲ್ಲಿ ದೇವಸ್ಥಾನ, ತರಕಾರಿ ಅಂಗಡಿ ಎಂದು ತಿಳಿಯದೆಯೇ ನಡೆಯುತ್ತಿದ್ದವರು ಇಲ್ಲಿ ಸೋಫಾ ಹಿಡಿಯುತ್ತಾರೆ. “ದಾರಿ ತಪ್ಪಿದರೆ ಕಷ್ಟ, ಹೊರಗೆ ಹೋಗಬೇಡಿ ಅಪ್ಪ” ಎಂದು ನಾವೂ ಪ್ರೀತಿಯಿಂದಲೇ ಬಾಗಿಲು ಹಾಕುತ್ತೇವೆ. ಭಯ ಸಹಜ. ಅದಕ್ಕೆ ಮದ್ದು ಜೊತೆಗೆ ಹೋಗುವುದು, ದಿನವೂ ಒಂದೇ ದಾರಿ ಹಿಡಿಯುವುದು, ವಿಳಾಸ-ಫೋನ್ ನಂಬರಿನ ಚೀಟಿ ಅವರ ಜೇಬಿನಲ್ಲಿಡುವುದು.

ಹತ್ತು ನಿಮಿಷದಿಂದ ಶುರುಮಾಡಿ ನಿಧಾನವಾಗಿ ಅರ್ಧ ಗಂಟೆಗೆ ಏರಿಸಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗಕ್ಕೆ ಇದೇ ಅಳತೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಹಿಮ ಬಿದ್ದಾಗ ಮಾಲ್ ಇದೆ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ನಿಲ್ಲಿಸಿ, ವೈದ್ಯರನ್ನು ಕಾಣಿ. ಹೃದ್ರೋಗವಿದ್ದವರು, ಬಿದ್ದ ಅನುಭವವಿರುವವರು ಮೊದಲೇ ಸಲಹೆ ಪಡೆಯಲಿ.

ಅಕ್ಕಪಕ್ಕದ ನಾಲ್ಕು ಕನ್ನಡ ಮನೆಗಳ ಹಿರಿಯರು ಶನಿವಾರ ಒಟ್ಟಿಗೆ ಹೊರಟರೆ ನಡಿಗೆಯೊಂದಿಗೆ ಹರಟೆಯೂ ಆಗುತ್ತದೆ. ಮಿದುಳಿಗೆ ಅದೂ ಬೇಕು.