ನೋವಿಗೂ ಒಂದು ನುಡಿ

ನೋವಿನ ಹೆಸರುಗಳಲ್ಲಿ ಕನ್ನಡ ಬಡವಾದುದಲ್ಲ. ಉರಿ, ಸೆಳೆತ, ಸಿಡಿತ, ಶೂಲೆ, ಜೋಮು: ಒಂದೊಂದೂ ಒಂದೊಂದು ಬಗೆಯ ಅನುಭವ. ಈ ಭೇದ ನಿಘಂಟುಕಾರನಿಗೆ ಮಾತ್ರ ಬೇಕಾದುದೆಂದು ವಾಚಕರು ಭಾವಿಸಬಾರದು. ಕ್ಯಾನ್ಸರ್ ರೋಗಿ ಉರಿಯೆಂದರೆ, ಜೋಮೆಂದರೆ, ಗಡ್ಡೆ ನರವನ್ನು ಒತ್ತುತ್ತಿರಬಹುದೆಂದು ವೈದ್ಯರು ಊಹಿಸುತ್ತಾರೆ. ಅದಕ್ಕೆ ಕೊಡುವ ಮದ್ದೇ ಬೇರೆ.

ಬಸವನಗುಡಿಯಲ್ಲಿದ್ದ ನನ್ನ ಸೋದರತ್ತೆ ತಿಂಗಳುಗಟ್ಟಲೆ "ಏನೋ ಸ್ವಲ್ಪ ನೋವು, ಪ್ರಾರಬ್ಧ" ಎಂದಷ್ಟೇ ಹೇಳುತ್ತಿದ್ದರು. "ಬೆನ್ನಿನ ಮೇಲೆ ಕೆಂಡ ಇಟ್ಟ ಹಾಗಾಗುತ್ತೆ ಕಣೋ" ಎಂದ ದಿನ ವೈದ್ಯರು ಔಷಧಿಯನ್ನು ಬದಲಿಸಿದರು. ಕೆಲವು ದಿನಗಳಲ್ಲಿ ಅವರಿಗೆ ನಿದ್ರೆ ಹತ್ತಿತು.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಇಂಥ ನೋವಿಗೆ ಮೂರು ಮೆಟ್ಟಿಲಿನ ಕ್ರಮವೊಂದನ್ನು ಹಾಕಿಕೊಟ್ಟಿತು: ಮೊದಲು ಪ್ಯಾರಾಸಿಟಮಾಲ್‌ನಂಥ ಮಾತ್ರೆ, ನಡುವೆ ಅದಕ್ಕಿಂತ ಬಲವಾದುದು, ತೀವ್ರ ನೋವಿಗೆ ಮಾರ್ಫಿನ್, ಅದೂ ನೋವು ಕೆರಳುವವರೆಗೆ ಕಾಯದೆ, ಗಡಿಯಾರ ನೋಡಿ. ಅಫೀಮಿನಿಂದ ಬಂದುದೆಂದು ಮಾರ್ಫಿನ್ನಿಗೆ ಅಂಜುವವರುಂಟು. ವೈದ್ಯರ ಕಣ್ಗಾವಲಿನಲ್ಲಿ ಆ ಅಂಜಿಕೆಗೆ ಕಾರಣ ಕಡಮೆ. 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ದುರ್ಲಭವಾಗಿದ್ದ ಅದರ ದಾರಿಯನ್ನು 2014ರ ತಿದ್ದುಪಡಿ ಸುಗಮಗೊಳಿಸಿತು. ನಮ್ಮೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. 1999ರಿಂದ ಕರುಣಾಶ್ರಯ ಶುಲ್ಕವಿಲ್ಲದೆ ಆರೈಕೆ ಮಾಡುತ್ತಿದೆ.

ರೋಗಿಯ ಬಳಿ ಕುಳಿತವರು "ನೋವಿದೆಯೆ?" ಎಂದಷ್ಟೇ ಅಲ್ಲ, "ಎಂಥ ನೋವು?" ಎಂದೂ ಕೇಳಬೇಕು, ಬಂದ ಉತ್ತರವನ್ನು ತಿದ್ದದೆ, ಅವರ ಮಾತಿನಲ್ಲಿಯೇ ವೈದ್ಯರಿಗೆ ತಲುಪಿಸಬೇಕು.