ಗಡ್ಡೆಯನ್ನಷ್ಟೇ ಸುಡುವ ಬಿಸಿ

ಕಾಮಾಲೆಗೆ ಬರೆ ಹಾಕಿಸುವ ರೂಢಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕಾದ ಕಬ್ಬಿಣ ಚರ್ಮ ಸುಡುತ್ತಿತ್ತೇ ಹೊರತು ಒಳಗಿನ ಲಿವರನ್ನು ಮುಟ್ಟುತ್ತಿರಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮಕ್ಕೆ ಒಂದು ಅಧ್ಯಾಯವೇ ಇದೆ. ಬೆಂಕಿಗೆ ರೋಗ ಸುಡುವ ಶಕ್ತಿ ಇರುವುದು ಹಿಂದಿನವರಿಗೂ ಗೊತ್ತಿತ್ತು. ಆ ಬೆಂಕಿಯನ್ನು ಒಳಗೆ ಕಳಿಸಿ, ಬೇಕಾದಷ್ಟಕ್ಕೇ ನಿಲ್ಲಿಸುವುದನ್ನು ಕಲಿಯಲು ಶತಮಾನಗಳೇ ಹಿಡಿದವು.

1891ರಲ್ಲಿ ಫ್ರಾನ್ಸಿನ ವಿಜ್ಞಾನಿ ದಾರ್ಸೊನ್‌ವಾಲ್, ಅತಿವೇಗದ ಕಂಪನದ ವಿದ್ಯುತ್ ಸ್ನಾಯುಗಳನ್ನು ಸೆಳೆಯದೆ ಮೈಯೊಳಗೆ ಹರಿಯಬಲ್ಲದು ಎಂದು ತೋರಿಸಿದರು. 1926ರಲ್ಲಿ ಅಮೆರಿಕದ ಬೋವಿ ರೂಪಿಸಿದ ವಿದ್ಯುತ್ ಉಪಕರಣವನ್ನು ಶಸ್ತ್ರವೈದ್ಯ ಕುಶಿಂಗ್ ಮಿದುಳಿನ ಶಸ್ತ್ರಕ್ರಿಯೆಯಲ್ಲಿ ಬಳಸಿದರು. 1990ರಲ್ಲಿ ಇಟಲಿಯ ರೊಸ್ಸಿ ಮತ್ತು ಅಮೆರಿಕದ ಮೆಕ್‌ಗಹನ್ ಅವರ ತಂಡಗಳು, ತುದಿಯೊಂದನ್ನು ಬಿಟ್ಟು ಉಳಿದ ಭಾಗಕ್ಕೆ ಕವಚ ತೊಡಿಸಿದ ಸೂಜಿಯಿಂದ ಲಿವರಿನ ಒಳಭಾಗವನ್ನು ಸುಡಬಹುದೆಂದು ಬೇರೆಬೇರೆಯಾಗಿಯೇ ತೋರಿಸಿದವು. ರೇಡಿಯೊ ಫ್ರೀಕ್ವೆನ್ಸಿ ಅಬ್ಲೇಶನ್ ಹುಟ್ಟಿದ್ದು ಹೀಗೆ.

ಲಿವರಿನಲ್ಲಿ ಸುಡಬೇಕಾದ ಗಡ್ಡೆ ಬೆಳೆಯುವುದು ಹೇಗೆ? ಕರುಳಿನ ರಕ್ತ ಬಹುಪಾಲು ಮೊದಲು ಬರುವುದು ಲಿವರಿಗೆ. ದೊಡ್ಡಕರುಳಿನ ಕ್ಯಾನ್ಸರ್ ಕಣಗಳೂ ಆ ರಕ್ತದೊಡನೆ ಬಂದು ಅಲ್ಲಿ ಬೇರೂರಿ ಗಡ್ಡೆಗಳಾಗಬಹುದು. ವಯಸ್ಸು, ಹೃದಯದ ತೊಂದರೆ, ಗಡ್ಡೆ ಇರುವ ಜಾಗ, ಹೀಗೆ ಹಲವು ಕಾರಣಗಳಿಂದ ಎಲ್ಲರಿಗೂ ಆಪರೇಷನ್ ಮಾಡಲಾಗದು.

ಅಂಥವರಿಗೆ ಈ ಸೂಜಿ ನೆರವಿಗೆ ಬರುತ್ತದೆ. ತೊಡೆಗೆ ಪ್ಯಾಡ್ ಅಂಟಿಸಿ, ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಸ್ಕ್ಯಾನ್ ನೋಡುತ್ತಾ ಸೂಜಿಯನ್ನು ಗಡ್ಡೆಯ ನಡುವಿಗೆ ಇಳಿಸುತ್ತಾರೆ. ವಿದ್ಯುತ್ ಹರಿದು ಗಡ್ಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕೋಶಗಳು ಬೇಗನೆ ಸಾಯುತ್ತವೆ, ಕಾದ ಬಾಣಲೆಗೆ ಬಿದ್ದ ಮೊಟ್ಟೆಯ ಬಿಳಿ ಗಟ್ಟಿಯಾದ ಹಾಗೆ. 100 ಡಿಗ್ರಿ ದಾಟಿದರೆ ಸೂಜಿಯ ಸುತ್ತ ಕರಕಲಾಗಿ ವಿದ್ಯುತ್ ಮುಂದೆ ಹರಿಯದು. ಹಾಗಾಗಿ ಕಾವನ್ನು ಹದವಾಗಿ ಏರಿಸಬೇಕು. ಕಣ್ಣಿಗೆ ಕಾಣದ ಕಣಗಳೂ ಉಳಿಯದಂತೆ ಗಡ್ಡೆಯ ಸುತ್ತಲಿನ ಅಂಚನ್ನೂ ಸುಡುತ್ತಾರೆ. ಪಕ್ಕದಲ್ಲೇ ದೊಡ್ಡ ರಕ್ತನಾಳವಿದ್ದರೆ ಹರಿಯುವ ರಕ್ತ ಬಿಸಿಯನ್ನು ಕೊಂಡೊಯ್ದು ಗಡ್ಡೆಯ ಚೂರು ಉಳಿದುಬಿಡಬಹುದು. ಮುಂದೆ ಬಂದ ಮೈಕ್ರೋವೇವ್ ವಿಧಾನದಲ್ಲಿ ಈ ತೊಡಕು ಕಡಿಮೆ.

2017ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಶಸ್ತ್ರಕ್ರಿಯೆ ಸಾಧ್ಯವಿಲ್ಲವೆನಿಸಿದವರ ಪೈಕಿ ಔಷಧಿಯನ್ನಷ್ಟೇ ಪಡೆದವರಲ್ಲಿ ಎಂಟು ವರ್ಷ ಬದುಕಿದ್ದವರು ಶೇ 8.9, ಜೊತೆಗೆ ಬಿಸಿ ಚಿಕಿತ್ಸೆಯನ್ನೂ ಪಡೆದವರಲ್ಲಿ ಶೇ 35.9. 3 ಸೆಂ.ಮೀ.ವರೆಗಿನ ಗಡ್ಡೆಗಳಿಗೆ ಇದು ಶಸ್ತ್ರಕ್ರಿಯೆಗಿಂತ ಕಡಿಮೆಯೇನಲ್ಲ ಎಂದು 2024ರಲ್ಲಿ ಮಂಡಿತವಾದ ಕೊಲಿಷನ್ ಅಧ್ಯಯನ ಹೇಳಿತು.

ಆ 3 ಸೆಂ.ಮೀ. ಲೆಕ್ಕ, ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ಸೊರಬದಂಥ ಊರಿನವರಿಗೆ ಬಹಳ ಮುಖ್ಯ. ಈ ಚಿಕಿತ್ಸೆಗೆ ಮಣಿಪಾಲಕ್ಕೋ, ಸಾಗರದಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೋ ಹೋಗಬೇಕಾಗಬಹುದು. ಕೊಯ್ಲು, ಗದ್ದೆ ಕೆಲಸ, ಬಸ್ ಖರ್ಚು ಎಂದು ಸ್ಕ್ಯಾನ್ ಮುಂದೂಡಿದರೆ ಅಷ್ಟರಲ್ಲಿ ಗಡ್ಡೆ ಸೂಜಿಯ ಅಳತೆ ಮೀರಿರಬಹುದು. ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದವರು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಸ್ಕ್ಯಾನ್ ಮಾಡಿಸಿ. ಲಿವರಿನಲ್ಲಿ ಗಡ್ಡೆ ಕಂಡರೆ ಎಷ್ಟಿವೆ, ಎಷ್ಟು ದೊಡ್ಡವು, ಸೂಜಿಯಿಂದ ಸುಡಲು ಬರುತ್ತದೆಯೇ ಎಂದು ಹಿಂಜರಿಯದೆ ಕೇಳಿ.